ಎರಡು ರೇಸು, ಒಂದು ಕುರ್ಚಿ

ಜೀವನದಲ್ಲಿ ನಾನು ಅಧ್ಯಕ್ಷನಾಗಿದ್ದದ್ದು ಒಂದೇ ಒಂದು ಸಂಘಕ್ಕೆ. ಸದಸ್ಯರು ನನ್ನನ್ನೂ ಹಿಡಿದು ನಾಲ್ಕು ಜನ. ನಗಬೇಡಿ. ನಾಲ್ಕು ಸಾವಿರ ಜನರ ಸಂಘದಲ್ಲಿ ಇಬ್ಬರು ಮುನಿಸಿಕೊಂಡು ಎದ್ದು ಹೋದರೆ ಅಧ್ಯಕ್ಷನಿಗೆ ಗೊತ್ತೂ ಆಗುವುದಿಲ್ಲ. ನನ್ನಲ್ಲಿ ಇಬ್ಬರು ಎದ್ದರೆ ಅರ್ಧ ಸಂಘವೇ ಎದ್ದಂತೆ. ಹಾಗಾಗಿ ಹನ್ನೊಂದು ವರ್ಷ ಆ ಕುರ್ಚಿಯಲ್ಲಿ ಬಹಳ ಎಚ್ಚರದಿಂದ ಕೂತಿದ್ದೆ. ಶಹಾಪುರದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನನಗೆ ಶಾಲೆಯಲ್ಲಿ ಹೆಡ್‌ಮಾಸ್ತರಿಕೆ ಬರಲಿಲ್ಲ, ಮನೆಯಲ್ಲಿ ಯಜಮಾನಿಕೆ ಮೊದಲಿನಿಂದಲೂ ಇರಲಿಲ್ಲ. ಇದ್ದದ್ದು ಇದೊಂದು. ಅದು ಹೇಗೆ ಹೋಯಿತೆಂದು ನಿಮಗೆ ಹೇಳಬೇಕು.

ಸಂಘ ಕಾರು ರೇಸಿನ ಅಭಿಮಾನಿಗಳದ್ದು. ಕಾರು ಅಂದರೆ ನೀವು ರಸ್ತೆಯಲ್ಲಿ ನೋಡುವಂಥದ್ದಲ್ಲ. ನಾಲ್ಕೂ ಗಾಲಿ ಹೊರಗೆ ಬಯಲಿಗಿಟ್ಟುಕೊಂಡು, ನಡುವೆ ಒಬ್ಬನೇ ಒಬ್ಬ ಮನುಷ್ಯನನ್ನು ತುರುಕಿಕೊಂಡು, ನೆಲಕ್ಕೆ ಹೊಟ್ಟೆ ಹಚ್ಚಿ ಓಡುವ ಕಾರು. ನನ್ನ ಹೆಂಡತಿ ಮೊದಲ ಸಲ ಟೀವಿಯಲ್ಲಿ ಅದನ್ನು ನೋಡಿ, "ಮಡ್‌ಗಾರ್ಡ್ ಇಲ್ಲ, ಬಾಗಿಲಾ ಇಲ್ಲ, ಮ್ಯಾಲೆ ಮುಚ್ಚಗಿ ಇಲ್ಲ. ಇದು ಅರ್ಧಾ ಮಾಡಿ ಬಿಟ್ಟಿದ್ದೇನ್ರಿ?" ಎಂದು ಕೇಳಿದಳು. ನಾನು ಗಾಳಿಯ ಒತ್ತಡ, ತೂಕ, ವೇಗ ಎಂದು ಬೋರ್ಡಿನ ಮೇಲೆ ಬರೆಯುವ ಧಾಟಿಯಲ್ಲಿ ವಿವರಿಸಿದೆ. ಅವಳು ಪೂರಾ ಕೇಳಿಸಿಕೊಂಡು, "ನಮ್ಮ ಎರಿ ಹೊಲದಾಗ ಮಳಿ ಬಂದಾಗ ಒಂದ್ ಸಲ ಓಡಸ್ರಿ, ನೋಡೂಣು" ಎಂದು ಒಳಗೆ ಹೋದಳು.

ಆದರೆ ಯೋಚಿಸಿ ನೋಡಿ, ಗಾಲಿಯನ್ನು ಮುಚ್ಚಿಡುವುದೇ ಇತ್ತೀಚಿನ ಚಾಳಿ. ಬಂಡಿಯ ಗಾಲಿ ಬಯಲಲ್ಲೇ ಇತ್ತು, ಟಾಂಗಾದ್ದೂ ಹಾಗೇ. ನಮ್ಮ ಹಿರಿಯರೆಲ್ಲ ಗಾಲಿ ತಿರುಗುವುದನ್ನು ಕಣ್ಣಾರೆ ನೋಡಿಕೊಂಡೇ ಊರಿಂದೂರಿಗೆ ಹೋದವರು. ಈ ವಾದಕ್ಕೆ ಕಲ್ಲಿನ ಸಾಕ್ಷಿ ಬೇಕೆಂದು ಒಮ್ಮೆ ಶಿರವಾಳದ ಹಳೆಯ ಗುಡಿಗಳಲ್ಲಿ ಕೆತ್ತಿದ ರಥ ಹುಡುಕುತ್ತ ಒಂದು ಮಧ್ಯಾಹ್ನ ತಿರುಗಿದೆ. ಚಕ್ರ ಸಿಗಲಿಲ್ಲ, ಬಿಸಿಲು ಬೇಕಾದಷ್ಟು ಸಿಕ್ಕಿತು. ಜೊತೆಗೆ ಬಂದಿದ್ದ ಸುನಂದಾ ಮನೆಗೆ ಕರೆದೊಯ್ದು ಮಜ್ಜಿಗೆ ಕೊಟ್ಟಳು.

ಈ ಸುನಂದಾ ಶಿರವಾಳದವಳು, ಪಂಚಾಯಿತಿಯಲ್ಲಿ ಕ್ಲಾರ್ಕು. ನನ್ನ ಹಳೆಯ ವಿದ್ಯಾರ್ಥಿನಿ, ನನ್ನ ಸಂಘದ ಸದಸ್ಯೆ, ಮತ್ತು ಸತ್ಯ ಹೇಳಬೇಕೆಂದರೆ ರೇಸಿನ ವಿಷಯದಲ್ಲಿ ನನಗಿಂತ ಹತ್ತು ಪಾಲು ತಿಳಿದವಳು. ಕಾಮೆಂಟರಿಯ ಇಂಗ್ಲಿಷ್ ಪೂರ್ತಿ ಅರ್ಥವಾಗುತ್ತಿದ್ದದ್ದು ಅವಳೊಬ್ಬಳಿಗೇ. ನಾವು ಉಳಿದವರು ದನಿಯ ಏರಿಳಿತ ನೋಡಿ ತಲೆ ಆಡಿಸುತ್ತಿದ್ದೆವು. ಇನ್ನಿಬ್ಬರೆಂದರೆ ಮೊಬೈಲ್ ರಿಪೇರಿಯ ಶರಣಪ್ಪ, ಅವನ ಅಂಗಡಿಯ ಹಿಂದಿನ ಕೋಣೆಯೇ ನಮ್ಮ ಕಚೇರಿ. ಮತ್ತು ಸಗರದ ಮಾಳಪ್ಪ, ಕುರಿ ಸಾಕುವ ಮನೆತನದವನು. ಹಿಂಡಿನ ಹಿಂದೆ ನಡೆಯುವಾಗ ಮೊಬೈಲಿನಲ್ಲಿ ಹಳೆಯ ರೇಸು ನೋಡಿ ನೋಡಿ ಅಭಿಮಾನಿಯಾದ. ನಮ್ಮೂರ ಬೆಟ್ಟ ದೂರದಿಂದ ಬುದ್ಧ ಮಲಗಿದಂತೆ ಕಾಣುತ್ತದೆ ಎಂದು ನೀವು ಕೇಳಿರಬಹುದು. ಬೆಟ್ಟವೇ ಇಷ್ಟು ನಿರಾಳವಾಗಿ ಮಲಗಿರುವ ಊರಿನಲ್ಲಿ ನಾವು ನಾಲ್ಕು ಜನ ವೇಗದ ಉಪಾಸಕರು.

ರೇಸು ನಡೆಯುವುದು ಭೂಮಿಯ ಆಚೆ ಬದಿಯ ಒಂದು ದೇಶದಲ್ಲಿ, ಭಾನುವಾರ. ಅಲ್ಲಿ ಮಧ್ಯಾಹ್ನವಾದಾಗ ನಮಗೆ ಗೊರಕೆಯ ಹೊತ್ತು. ಮರುದಿನ ಸೋಮವಾರ, ಎಲ್ಲರಿಗೂ ಕೆಲಸ. ಹಾಗಾಗಿ ಶರಣಪ್ಪ ಅದನ್ನು ಇಂಟರ್ನೆಟ್ಟಿನಿಂದ ಇಳಿಸಿಟ್ಟುಕೊಳ್ಳುತ್ತಿದ್ದ, ಮುಂದಿನ ಭಾನುವಾರ ಬೆಳಿಗ್ಗೆ ಕೂತು ನೋಡುತ್ತಿದ್ದೆವು. ಅಲ್ಲಿಯವರೆಗೆ ಆರು ದಿನ ಯಾರೂ ರೇಸಿನ ಸುದ್ದಿ ಓದಬಾರದು, ಕೇಳಬಾರದು, ಗೆದ್ದವನ ಮುಖ ಕೂಡ ನೋಡಬಾರದು. ಇದಕ್ಕೆ ನಾವು ಒಪ್ಪತ್ತು ಎಂದೇ ಹೆಸರಿಟ್ಟಿದ್ದೆವು. ಮುರಿದವರು ಎಲ್ಲರಿಗೂ ಮಂಡಕ್ಕಿಯ ಸುಸಲಾ, ಮಿರ್ಚಿ ತಿನ್ನಿಸಬೇಕು. ಒಮ್ಮೆ ನಾನೇ ಚಪಲ ತಡೆಯಲಾರದೆ ಬುಧವಾರ ಫಲಿತಾಂಶ ಕದ್ದು ನೋಡಿದೆ. ಭಾನುವಾರ ಹೋಗಿ ಕೂತ ತಕ್ಷಣ ಸುನಂದಾ, "ಸರ್, ನಿಮ್ಮ ಮಾರಿ ನೋಡಿದ್ರ ಸಾಕು, ಗೆದ್ದೋರ್ಯಾರಂತ ಗೊತ್ತಾಗಾಕತ್ತದ" ಅಂದಳು. ಆ ದಿನ ಅಧ್ಯಕ್ಷನೇ ಮಿರ್ಚಿ ತರಬೇಕಾಯಿತು.

ಈಗ ಜಗಳಕ್ಕೆ ಬರುತ್ತೇನೆ. ಆ ದೇಶದಲ್ಲಿ ಇಂಥ ರೇಸಿನ ಸರಣಿಗಳು ಎರಡು. ಒಂದು ಕಾಲಕ್ಕೆ ಒಂದೇ ಮನೆಯಾಗಿತ್ತು, ಮಾಲೀಕರು ಜಗಳಾಡಿ ಎರಡಾದರು. ಒಂದು ಸರಣಿ ಎಡಕ್ಕೆ ಬಲಕ್ಕೆ ಹೊರಳುವ ರಸ್ತೆಗಳಲ್ಲಿ ಓಡುತ್ತದೆ. ಇನ್ನೊಂದು ಮೊಟ್ಟೆಯಾಕಾರದ ದೊಡ್ಡ ಬಟ್ಟಲಿನಂಥ ಮೈದಾನದಲ್ಲಿ ಗಿರಗಿರನೆ ಸುತ್ತುತ್ತದೆ. ಶಹಾಪುರದ ನಾವು ತಿರುವಿನವರು. ಸುರಪುರದಲ್ಲಿ ಐದು ಜನರ ಇನ್ನೊಂದು ಸಂಘ, ಅವರು ಸುತ್ತಿನವರು. ಅದರ ಅಧ್ಯಕ್ಷ ಹಣಮಂತರಾಯ, ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುವ ಟೇಲರ್. ಉಳಿದ ಬಿಳಿ ಕರಿ ಬಟ್ಟೆಯ ತುಂಡು ಜೋಡಿಸಿ ರೇಸು ಮುಗಿದಾಗ ಬೀಸುವ ಚೌಕಳಿ ಬಾವುಟ ಹೊಲಿದು ಇಟ್ಟುಕೊಂಡಿದ್ದ. ನಮ್ಮಲ್ಲಿ ಬಾವುಟ ಇರಲಿಲ್ಲ. ಆ ಹೊಟ್ಟೆಕಿಚ್ಚು ನನಗೆ ಬಹಳ ದಿನದ್ದು.

"ಅದು ಗಾಣದ ಎತ್ತು ಸುತ್ತಿದಂಗ ಆತಪಾ, ಅದರಾಗ ಏನ್ ನೋಡ್ತಿ?" ಎಂದು ನಾನು ಫೋನಿನಲ್ಲಿ ಕೆಣಕುತ್ತಿದ್ದೆ.

"ನಿಮ್ದೂ ಒಂದು ರೇಸೇನ್ರಿ ಸರ್? ನಮ್ಮ ಸುರಪುರದ ಓಣ್ಯಾಗ ಜೀಪ್ ಹೊಡದಂಗ ಆತು. ಹೊರಳೂದ ಹೊರಳೂದು, ಓಡೂದು ಯಾವಾಗ?" ಎಂದು ಅವನು ತಿರುಗಿ ಚುಚ್ಚುತ್ತಿದ್ದ. ಹೀಗೆ ಹನ್ನೊಂದು ವರ್ಷ ಇಬ್ಬರೂ ಸುಖವಾಗಿದ್ದೆವು.

ಒಂದು ಭಾನುವಾರ ಕಾಮೆಂಟರಿಯ ನಡುವೆ ಸುನಂದಾ ಥಟ್ಟನೆ ನೆಟ್ಟಗೆ ಕೂತಳು. ಎರಡೂ ಸರಣಿಯ ಮಾಲೀಕರು ಮಾತುಕತೆಗೆ ಕೂತಿದ್ದಾರಂತೆ, ಬರುವ ವರ್ಷದಿಂದ ಎರಡೂ ಕೂಡಿ ಒಂದಾದರೂ ಆಗಬಹುದಂತೆ. ರೇಸು ಹಾಗೇ ಓಡುತ್ತಿತ್ತು, ನಮಗೆ ಯಾರಿಗೂ ಅದರ ಮೇಲೆ ಲಕ್ಷ್ಯವಿಲ್ಲ. ಅಷ್ಟರಲ್ಲಿ ಫೋನು ಬಂತು. ಸುರಪುರದವರೂ ನಮ್ಮಂತೆಯೇ ವಾರ ತಡವಾಗಿ, ಒಪ್ಪತ್ತು ಹಿಡಿದು ನೋಡುವವರು. "ಸರ್, ಕೇಳಿದ್ರ್ಯಾ?" ಅಂದ ಹಣಮಂತರಾಯ. ಅಲ್ಲಿ ಅವು ಒಂದಾದರೆ ಇಲ್ಲಿ ನಾವು ಬೇರೆ ಇರುವುದಕ್ಕೆ ಕಾರಣವೇ ಇಲ್ಲ. ನಾವು ಒಂದಾದರೆ ಅಧ್ಯಕ್ಷನೂ ಒಬ್ಬನೇ. ಈ ಲೆಕ್ಕ ಬಿಡಿಸಲು ಗಣಿತದ ಮಾಸ್ತರೇ ಬೇಕೆಂದಿರಲಿಲ್ಲ, ಟೇಲರನಿಗೂ ಹೊಳೆದಿತ್ತು.

ಆ ವಾರವಿಡೀ ನನಗೆ ಕುರ್ಚಿಯದೇ ಚಿಂತೆ. ಸದಸ್ಯರ ಮುಂದೆ ಮಾತ್ರ ಸಿದ್ಧಾಂತದ ಮಾತಾಡುತ್ತಿದ್ದೆ. ತಿರುವಿನ ಕಲೆ ಸುತ್ತಿನಲ್ಲಿ ಕರಗಿಹೋಗುತ್ತದೆ, ನಮ್ಮ ಪರಂಪರೆ ಏನಾಗಬೇಕು, ಹೀಗೆ. ಸುನಂದಾ ಒಂದೇ ಪ್ರಶ್ನೆ ಕೇಳಿದಳು: "ಸರ್, ನಮ್ಮ ಡ್ರೈವರ್ ಭಾರಿನೋ ಅವರ ಡ್ರೈವರ್ ಭಾರಿನೋ ಅಂತ ಇಷ್ಟ್ ವರ್ಷ ಬಡದಾಡಿದ್ವಿ. ಅವರು ಒಂದ್ ದಿನಾನೂ ಒಂದ ಟ್ರ್ಯಾಕಿನಾಗ ಓಡಿಲ್ಲ. ಓಡಿದ್ರ ಗೊತ್ತಾಗ್ತದಲ್ರಿ. ನಿಮಗ ಗೊತ್ತಾಗೂದು ಬ್ಯಾಡೇನು?" ಬೇಡ ಎಂದು ಹೇಳುವುದು ಹೇಗೆ? ಗೊತ್ತಾಗದೇ ಇದ್ದದ್ದರಿಂದಲೇ ಅಲ್ಲವೇ ಇಬ್ಬರೂ ಇಷ್ಟು ವರ್ಷ ಗೆದ್ದಿದ್ದು? ಓಡಿ ನೋಡಿ ನಾವೇ ಸೋತರೆ? ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

ಮುಂದಿನ ಭಾನುವಾರ ನೋಡಲು ರೇಸಿರಲಿಲ್ಲ, ಹಿಂದಿನ ವಾರ ಎರಡೂ ಸರಣಿಗೆ ಬಿಡುವಿತ್ತು. ಅಂದು ಎರಡೂ ಸಂಘ ಸೇರಿ ಮಾತಾಡುವುದೆಂದು ಠರಾವಾಯಿತು. ಎಲ್ಲಿ? ನಾವು ಸುರಪುರಕ್ಕೆ ಹೋದರೆ ಸಂಬಂಧ ಕೇಳಿಕೊಂಡು ಹೋದಂತೆ. ಅವರು ಶಹಾಪುರಕ್ಕೆ ಬರುವುದಿಲ್ಲ. "ನಾವು ಸಂಸ್ಥಾನದ ಊರವರು ಸರ್, ಹಂಗ ಎದ್ದು ಬರಾಕ ಆಗಂಗಿಲ್ಲ" ಎಂದ ಹಣಮಂತರಾಯ ಫೋನಿನಲ್ಲಿ. ಹಿಂದೆ ಯೂನಿಫಾರ್ಮ್ ಹೊಲಿಯುವ ಯಂತ್ರದ ಸದ್ದು ಕೇಳುತ್ತಿತ್ತು. ಕೊನೆಗೆ ನಡುವಿನ ಹತ್ತಿಗುಡೂರ ಕ್ರಾಸಿನ ಒಂದು ಚಹಾದ ಹೋಟೆಲು ಗೊತ್ತಾಯಿತು.

ಬೆಂಚು ಎದುರು ಬದುರು ಹಾಕಿಕೊಂಡು ಕೂತೆವು. ಒಂದಾದ ಸರಣಿಗೆ ಹೆಸರೇನು, ಸುತ್ತು ಎಷ್ಟಿರಬೇಕು ತಿರುವು ಎಷ್ಟಿರಬೇಕು, ಮೊದಲ ರೇಸು ಯಾರ ಕಡೆಯದು, ಕೊನೆಯದು ಯಾರದು ಎಂದು ಎರಡು ತಾಸು ಕಾದಾಡಿದೆವು. ಅಲ್ಲಿನ ಮಾಲೀಕರು ನಮ್ಮನ್ನು ಕೇಳಿರಲಿಲ್ಲ ನಿಜ. ಕೇಳಿದ್ದರೆ ಪಟ್ಟಿ ತಯಾರಿತ್ತು. ಹೋಟೆಲಿನವನು ಯಾವುದೋ ಹೊಲದ ಪಾಲು ನಡೆದಿದೆ ಎಂದು ತಿಳಿದು ಎರಡೂ ಕಡೆಗೆ ಸಮಾಧಾನ ಹೇಳತೊಡಗಿದ.

ಅವನದೇನೂ ತಪ್ಪಿಲ್ಲ. ನಮ್ಮ ಸೀಮೆಯಲ್ಲಿ ಒಡೆಯುವುದು ಎಲ್ಲರಿಗೂ ಗೊತ್ತು. ಕಲಬುರಗಿಯನ್ನು ಒಡೆದು ಯಾದಗಿರಿ ಜಿಲ್ಲೆ ಮಾಡಿದರು. ಶಹಾಪುರವನ್ನು ಒಡೆದು ವಡಗೇರಾ, ಸುರಪುರವನ್ನು ಒಡೆದು ಹುಣಸಗಿ, ಯಾದಗಿರಿಯನ್ನು ಒಡೆದು ಗುರುಮಠಕಲ್ ತಾಲ್ಲೂಕು ಆದವು. ಒಡೆದಾಗಲೆಲ್ಲ ಪಟಾಕಿ ಹೊಡೆದಿದ್ದೇವೆ. ಹೊಲ ಒಡೆಯುವುದು ಗೊತ್ತು, ಮನೆಯ ನಡುವೆ ಗೋಡೆ ಎಬ್ಬಿಸುವುದು ಗೊತ್ತು. ಎರಡಿದ್ದದ್ದನ್ನು ಒಂದು ಮಾಡುವುದು ಹೇಗೆಂದು ನಮಗೆ ಯಾರೂ ತೋರಿಸಿಕೊಟ್ಟಿರಲಿಲ್ಲ. ಅಲ್ಲಿ ಕೂತ ಒಂಬತ್ತು ಜನರಲ್ಲಿ ಒಬ್ಬರಿಗೂ ಆ ಅನುಭವವಿರಲಿಲ್ಲ.

ಅನುಭವವಿದ್ದವರು ಹೊರಗೆ ಬೇವಿನ ನೆರಳಲ್ಲಿ ಕೂತಿದ್ದರು. ಮಾಳಪ್ಪನ ಅಪ್ಪ ಬೀರಪ್ಪಜ್ಜ. ಹತ್ತಿ ಕಿತ್ತ ಹೊಲದಲ್ಲಿ ಅವರ ಹಿಂಡು ಇಳಿದಿತ್ತು, ಚಹಾಕ್ಕೆಂದು ಬಂದಿದ್ದರು. ನಮ್ಮ ಗದ್ದಲ ಕೇಳಿ ಕೇಳಿ ಒಳಗೆ ಬಂದು, ತಟ್ಟೆಯಲ್ಲಿ ಚಹಾ ಸುರುವಿಕೊಂಡು, "ಏನ್ ಕೂಡಸಾಕತ್ತೀರಿ ಮಾಸ್ತರ?" ಎಂದು ಕೇಳಿದರು. ಹೇಳಿದೆವು. ಕಾರಿನ ಭಾಗ ಅವರಿಗೆ ಎಷ್ಟು ತಿಳಿಯಿತೋ ಕಾಣೆ, ಕೂಡಿಸುವ ಭಾಗ ಚೆನ್ನಾಗಿ ತಿಳಿಯಿತು.

"ನಂದೂ ನಮ್ಮ ಬೀಗಂದೂ ಹಿಂಡ ಕೂಡ್ಸಿದ್ವಿರಿ ಒಂದ್ ವರ್ಷ. ಎರಡೂ ಕಡೀ ಟಗರು ಮೂರ್ ದಿನ ತೆಲಿ ತೆಲಿ ಗುದ್ದಿದ್ವು. ನಾವೂ ನಿಂತು ನೋಡಿದ್ವಿ, ಯಾವದು ಗೆಲ್ತದೋ ಅಂತ. ಕುರಿ ಒಂದಾದ್ರೂ ತೆಲಿ ಎತ್ತಿ ನೋಡ್ಬೇಕಲ್ರಿ? ತಮ್ಮ ಪಾಡಿಗಿ ತಾವು ಮೇದ್ವು."

"ಆಮ್ಯಾಲ ಒಂದಾದ್ವೇನ್ರಿ ಅಜ್ಜಾ?" ಎಂದು ಹಣಮಂತರಾಯ ಕೇಳಿದ.

"ಎಲ್ಲಿ ಆಗ್ತಾವು. ಒಂದ ಹಟ್ಯಾಗ ಕೂಡ್ಸಿದ್ರೂ ಭಾಳ ದಿನ ನನ್ನವು ಈ ಮೂಲಿಗಿ, ಅವನವು ಆ ಮೂಲಿಗಿ ಮಲಗ್ತಿದ್ವು. ಹೊಸಾ ಮರಿ ಹುಟ್ಟಿದ್ವು ನೋಡ್ರಿ, ಅವಕ್ಕ ಯಾವ ಮೂಲಿ ಯಾರದಂತ ಗೊತ್ತಿಲ್ಲ. ಎಲ್ಲಾ ಕಡಿ ಜಿಗದಾಡಿದ್ವು. ಅಲ್ಲಿಗಿ ಮುಗೀತು." ಚಹಾ ಮುಗಿಸಿ, ತಟ್ಟೆ ಬೋರಲು ಹಾಕಿ, ಕೋಲು ತೆಗೆದುಕೊಂಡು ಹೊರಟೇ ಹೋದರು.

ಅವರು ಹೋದ ಮೇಲೆ ಎಲ್ಲರೂ ನನ್ನನ್ನೂ ಹಣಮಂತರಾಯನನ್ನೂ ನೋಡಿದರು. ಆ ನೋಟ ನನಗೆ ಹಿಡಿಸಲಿಲ್ಲ. ಟಗರು ಎನ್ನಿಸಿಕೊಳ್ಳುವುದಕ್ಕಿಂತ ದೊಡ್ಡವನು ಎನ್ನಿಸಿಕೊಳ್ಳುವುದು ವಾಸಿ ಎಂದು ಎದ್ದು ನಿಂತೆ. ಸಂಘ ಒಂದಾಗಲಿ ಎಂದೆ, ಎಲ್ಲರೂ ಹೂಂ ಅಂದರು. ಆಮೇಲೆ ಮಾತಿನ ಓಘದಲ್ಲಿ, "ಹಣಮಂತರಾಯ, ಅಧ್ಯಕ್ಷ ನೀನ ಆಗು" ಎಂದುಬಿಟ್ಟೆ.

ಇಲ್ಲಿ ನಿಮಗೆ ನಮ್ಮ ಕಡೆಯ ರೂಢಿ ಹೇಳಬೇಕು. ಮನೆಗೆ ಬಂದವರನ್ನು ಊಟಕ್ಕೆ ಏಳಿ ಅಂದರೆ ಅವರು ಈಗಷ್ಟೇ ಆಗ್ಯಾದ್ರಿ ಎನ್ನಬೇಕು. ಎರಡನೇ ಸಲ ಕರೆದಾಗ ಹೊಟ್ಟಿ ತುಂಬ್ಯಾದ್ರಿ ಎನ್ನಬೇಕು. ಮೂರನೇ ಸಲ ಕೈ ಹಿಡಿದು ಎಳೆದಾಗ ಏಳಬೇಕು. ಎದುರಿಗಿದ್ದವನು ಹಸಿದು ಬಾಡಿದ್ದರೂ ಇದರಲ್ಲಿ ಬದಲಿಲ್ಲ. ಹಾಗೆಯೇ ಹಣಮಂತರಾಯ, ಛೇ ಛೇ, ನೀವು ಹಿರಿಯರು, ನೀವೇ ಆಗ್ರಿ ಎನ್ನಬೇಕಿತ್ತು. ನಾನು ಇನ್ನೊಮ್ಮೆ ಒತ್ತಾಯಿಸುತ್ತಿದ್ದೆ. ಅವನು ಇನ್ನೊಮ್ಮೆ ಒಲ್ಲೆ ಎನ್ನುತ್ತಿದ್ದ. ಅಷ್ಟರಲ್ಲಿ ಸಭೆಯಿಂದ ಯಾರಾದರೂ ಸರ್ ಅವರೇ ಇರಲಿ ಎನ್ನುತ್ತಿದ್ದರು. ನಾನು ಬಹಳ ಸಂಕೋಚದಿಂದ ಒಪ್ಪಿಕೊಳ್ಳುತ್ತಿದ್ದೆ. ಇಷ್ಟೆಲ್ಲ ನನ್ನ ಮನಸ್ಸಿನಲ್ಲಿ ಹೊಲಿದು ಇಟ್ಟಾಗಿತ್ತು.

ಹಣಮಂತರಾಯ ಕೈ ಮುಗಿದು, "ಆತ್ರಿ ಸರ್. ನೀವು ಇಷ್ಟ್ ಮನಸಾರೆ ಹೇಳಾಕತ್ತೀರಿ ಅಂದ್ರ ನಾ ಒಲ್ಲೆ ಅನ್ನೂದು ಛಲೋ ಅಲ್ಲ" ಎಂದ.

ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಮೊದಲು ತಟ್ಟಿದ್ದು ನನ್ನ ಸದಸ್ಯ ಶರಣಪ್ಪ. ನಾನೂ ತಟ್ಟಿದೆ, ತಟ್ಟದೆ ಏನು ಮಾಡಲಿ? ಮನೆಗೆ ಬಂದು ಹೆಂಡತಿಗೆ ಹೇಳಿದರೆ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನಕ್ಕಳು. "ಮಂದಿ ಮನ್ಯಾಗ ನೀವು ಮೊದಲ್ನೇ ಸಲಕ್ಕ ಊಟಕ್ಕ ಏಳ್ತೀರಿ. ಅಂವಾ ಎದ್ದದ್ದ ತಪ್ಪೇನು?" ನನಗೆ ಆ ವಾರ ಊಟವೇ ರುಚಿಸಲಿಲ್ಲ. ನಾಲ್ಕು ಜನರ ಸಂಘ, ಚಹಾದ ಹೋಟೆಲಿನ ಸಭೆ, ಒಂದು ಕುರ್ಚಿ. ಅಷ್ಟಕ್ಕೇ ನನ್ನ ವಯಸ್ಸಿನ ಮನುಷ್ಯನಿಗೆ ಕಣ್ಣಲ್ಲಿ ನೀರು ಬರುವುದೇ? ಬಂತು. ತರಗತಿಯಲ್ಲಿ ಬೋರ್ಡಿಗೆ ಮುಖ ಮಾಡಿ ಬಹಳ ಹೊತ್ತು ವೃತ್ತ ಬರೆಯುತ್ತ ನಿಂತಿದ್ದೆ.

ಅದರ ಮುಂದಿನ ಭಾನುವಾರ ಒಂದಾದ ಸಂಘದ ಮೊದಲ ಕೂಟ, ಸುರಪುರದಲ್ಲಿ, ಹಣಮಂತರಾಯನ ಅಂಗಡಿಯ ಮೇಲಿನ ಕೋಣೆಯಲ್ಲಿ. ಸುತ್ತ ಖಾಕಿ, ನೀಲಿ ಬಟ್ಟೆಯ ಥಾನುಗಳು, ಗೋಡೆಗೆ ಆ ಬಾವುಟ. ಟೀವಿಯ ಎದುರಿನ ಕುರ್ಚಿಯಲ್ಲಿ ಅಧ್ಯಕ್ಷರು. ನನಗೆ ಹಿಂದೆ, ಹೊಲಿದಿಟ್ಟ ಯೂನಿಫಾರ್ಮಿನ ಗಂಟುಗಳ ಪಕ್ಕ ಒಂದು ಬೆಂಚು. ಮೊದಲು ತಿರುವಿನ ರೇಸು, ಆಮೇಲೆ ಸುತ್ತಿನದು ಎಂದು ಗೊತ್ತಾಗಿತ್ತು. ತಿರುವಿನ ರೇಸು ಮುಗಿಯುವ ಹೊತ್ತಿಗೆ ಕಾಮೆಂಟರಿಯವನು ಏನೋ ಹೇಳಿದ. ಸುನಂದಾ ಬಾಯಿಗೆ ಕೈ ಅಡ್ಡ ಹಿಡಿದು ನಗಲು ಶುರು ಮಾಡಿದಳು.

"ಮಾತುಕತಿ ಮುರದ್ಹೋಗ್ಯಾದಂತ್ರಿ. ಅವು ಕೂಡಂಗಿಲ್ಲಂತ" ಎಂದಳು. ಬೆರಳಲ್ಲಿ ದಿನ ಎಣಿಸಿ, "ನಾವು ಹತ್ತಿಗುಡೂರಾಗ ಬಡದಾಡೂಕಿಂತ ನಾಕ್ ದಿನ ಮದ್ಲೇ ಮುರದದ. ಒಪ್ಪತ್ತು ಹಿಡದು ಕುಂತಿದ್ವಿ, ನಮಗ ಗೊತ್ತಿಲ್ಲ."

ನೋಡಿ, ಜಗತ್ತಿಗೆಲ್ಲ ಹಳೆಯದಾದ ಸುದ್ದಿಯ ಮೇಲೆ ನಾವು ಎರಡು ತಾಸು ವಾದ ಮಾಡಿ, ನಾನು ಪದವಿ ಕಳೆದುಕೊಂಡಿದ್ದೆ. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು, ಹಣಮಂತರಾಯನೂ. ನಾನು ಮಾತ್ರ ಲೆಕ್ಕ ಹಾಕುತ್ತಿದ್ದೆ. ಅವು ಕೂಡದಿದ್ದರೆ ನಾವು ಕೂಡಿದ್ದೂ ರದ್ದು. ರದ್ದಾದರೆ ಶಹಾಪುರದ ಸಂಘ ಮತ್ತೆ ಬೇರೆ, ನಾನು ಮತ್ತೆ ಅಧ್ಯಕ್ಷ. ಈ ಸಲ ಸಂಕೋಚ ಗಿಂಕೋಚ ಇಲ್ಲ, ಬಾಯಿ ಬಿಟ್ಟು ಕೇಳಿಯೇ ಬಿಡಬೇಕು. ಬೆಂಚಿನಿಂದ ಎದ್ದು ಟೀವಿಯ ಮುಂದೆ ಹೋಗಿ ನಿಂತು, ಗಂಟಲು ಸರಿ ಮಾಡಿಕೊಂಡೆ. "ಈಗ ಪರಿಸ್ಥಿತಿ ಬದಲಾಗಿದೆ. ಆದ್ದರಿಂದ ನಮ್ಮ ಎರಡು ಸಂಘಗಳು..." ಎಂದು ಶುದ್ಧ ಭಾಷಣದ ಕನ್ನಡದಲ್ಲಿ ಶುರು ಮಾಡಿದೆ.

"ಸರ್, ಕುಂದರ್ರಿ," ಅಂದಳು ಸುನಂದಾ. "ಅಡ್ಡ ಬಂದೀರಿ, ಏನೂ ಕಾಣವಲ್ದು."

ನನ್ನ ಹಿಂದೆ ಸುತ್ತಿನ ರೇಸು ಆಗಲೇ ಶುರುವಾಗಿತ್ತು. ಶರಣಪ್ಪ ಕತ್ತು ಓರೆ ಮಾಡಿ ನನ್ನ ಸೊಂಟದ ಪಕ್ಕದಿಂದ ಇಣುಕುತ್ತಿದ್ದ. ಮಾಳಪ್ಪ ಸುರಪುರದ ಇಬ್ಬರ ನಡುವೆ ನುಸುಳಿ ಕೂತು ಟೈರು ಯಾವಾಗ ಬದಲಿಸುತ್ತಾರೆಂದು ಕೇಳುತ್ತಿದ್ದ. ಸಂಘ ಒಡೆಯಬೇಕೋ ಕೂಡಬೇಕೋ ಎಂಬ ಪ್ರಶ್ನೆ ಆ ಕೋಣೆಯಲ್ಲಿ ನನ್ನೊಬ್ಬನ ತಲೆಯಲ್ಲಿ ಮಾತ್ರ ಇತ್ತು. ಹಣಮಂತರಾಯನನ್ನು ನೋಡಿದೆ. ಅವನಿಗೂ ರೇಸಿನ ಮೇಲೆ ಲಕ್ಷ್ಯವಿರಲಿಲ್ಲ. ಚಹಾ ಎಲ್ಲರಿಗೂ ಮುಟ್ಟಿತೋ, ಯಾರ ಫೋನು ಗುಣುಗುಡುತ್ತಿದೆ, ಕರೆಂಟು ಹೋದರೆ ಏನು ಗತಿ ಎಂದು ಕೂತಲ್ಲೇ ಚಡಪಡಿಸುತ್ತಿದ್ದ. ಆ ಚಡಪಡಿಕೆ ನನಗೆ ಚೆನ್ನಾಗಿ ಗೊತ್ತು. ಹನ್ನೊಂದು ವರ್ಷದಲ್ಲಿ ನಾನು ಒಂದು ರೇಸನ್ನಾದರೂ ಮೊದಲಿನಿಂದ ಕೊನೆಯವರೆಗೆ ನೋಡಿರಲಿಲ್ಲ.

ಹೋಗಿ ಬೆಂಚಿನ ಮೇಲೆ ಕೂತೆ. ನೋಡಿಕೊಳ್ಳಲು ಬೇರೆ ಏನೂ ಕೆಲಸವಿರಲಿಲ್ಲವಾದ್ದರಿಂದ ರೇಸು ನೋಡಿದೆ. ಗಾಣದ ಎತ್ತು ಎಂದು ನಾನು ಆಡಿಕೊಂಡಿದ್ದ ಆ ಸುತ್ತಿನಲ್ಲಿ ಕಾರುಗಳು ಒಂದರ ಗಾಲಿಗೆ ಇನ್ನೊಂದರ ಗಾಲಿ ತಾಗಿಯೇ ತಾಗಿತು ಎನ್ನುವಷ್ಟು ಹತ್ತಿರದಲ್ಲಿ ಓಡುತ್ತಿದ್ದವು. ಒಂದು ಗೇಣು ಆಚೀಚೆಯಾದರೆ ಮುಗಿಯಿತು. ಹಿಂದಿನಿಂದ ಒಬ್ಬ ಹುಡುಗ, ಹೆಸರೂ ನನಗೆ ಗೊತ್ತಿಲ್ಲ, ಒಬ್ಬೊಬ್ಬರನ್ನೇ ದಾಟುತ್ತ ಬಂದ. ಹತ್ತು ಸುತ್ತು ಉಳಿದಾಗ ನಾಲ್ಕನೆಯವನು, ಐದು ಉಳಿದಾಗ ಎರಡನೆಯವನು. ನಾನು ಚಹಾ ಆರಿದ್ದನ್ನು ನೋಡಲಿಲ್ಲ. ಕೊನೆಯ ಸುತ್ತಿಗೆ ಯಾರೋ ಗಂಟಲು ಹರಿಯುವಂತೆ ಕೂಗುತ್ತಿದ್ದರು, ಅದು ನಾನೇ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಯಾವಾಗ ಎದ್ದು ನಿಂತಿದ್ದೆನೋ ನೆನಪಿಲ್ಲ. ಈ ಸಲ ಯಾರೂ ನನಗೆ ಕೂತುಕೊಳ್ಳಿ ಅನ್ನಲಿಲ್ಲ. ಎಲ್ಲರೂ ಎದ್ದು ನಿಂತಿದ್ದರು, ಅಧ್ಯಕ್ಷರೂ.